ಕೆಂಪಸಿದ್ದಯ್ಯನವರ ಮಾಸಿಕ ನಿವೃತ್ತಿ

ಮದ್ದೂರಿನ ಮೈಲಿಗಲ್ಲು ಎಣಿಕೆ ಉಪವಿಭಾಗದ ಪ್ರಥಮ ದರ್ಜೆ ಸಹಾಯಕರಾದ ಶ್ರೀ ಕೆಂಪಸಿದ್ದಯ್ಯನವರು ಮೇ ತಿಂಗಳ ಕೊನೆಯ ಕೆಲಸದ ದಿನ ವಯೋನಿವೃತ್ತಿ ಹೊಂದಿದರು. ಜೂನ್ ತಿಂಗಳ ಕೊನೆಯ ಕೆಲಸದ ದಿನವೂ ಹೊಂದಿದರು. ಇದರಲ್ಲಿ ಬಾಯಿ ಬಿಡುವಂಥದ್ದೇನೂ ಇಲ್ಲ. ಕ್ಯಾಲೆಂಡರಿನಲ್ಲಿ ಹಾಗೇ ಇತ್ತು.

ಆ ಕ್ಯಾಲೆಂಡರು ಗೋಡೆಗೆ ಮೊಳೆ ಹೊಡೆದು ನೇತುಹಾಕುವಂಥದ್ದಲ್ಲ. ಕಚೇರಿಯ ಹನ್ನೊಂದು ಜನರ ಮೊಬೈಲಿನಲ್ಲೂ ಅದೇ ಒಂದು ಕಾಣುತ್ತದೆ, ಮಂಡ್ಯದ ಮೇಲಧಿಕಾರಿಗಳೂ ಕೂತಲ್ಲಿಂದಲೇ ಇಣುಕುತ್ತಾರೆ. ಒಂದು ಕೆಲಸವನ್ನು ಬರೆದು 'ಪ್ರತಿ ತಿಂಗಳು' ಎಂದು ಒತ್ತಿದರೆ ಸಾಕು, ತಿಂಗಳು ತಿಂಗಳೂ ತಾನೇ ಎದ್ದು ಬರುತ್ತದೆ. ಮುಗಿಸಿ ಟಿಕ್ ಹಾಕಿದರೆ ಹಸಿರು, ಇಲ್ಲದಿದ್ದರೆ ಕೆಂಪು. ಕೆಲಸ ಆಯಿತೋ ಬಿಟ್ಟಿತೋ ಯಾರೂ ಕೇಳುವುದಿಲ್ಲ, ಬಣ್ಣವನ್ನು ಮಾತ್ರ ಕೇಳುತ್ತಾರೆ.

ಆಗ ಇದನ್ನು ನಡೆಸಲು ಬರುತ್ತಿದ್ದುದು ಕೆಂಪಸಿದ್ದಯ್ಯನವರೊಬ್ಬರಿಗೇ. ಹಾಗಾಗಿ ತಮ್ಮ ಬೀಳ್ಕೊಡುಗೆಯನ್ನೂ ಪಾಪ ಅವರೇ ಬರೆದುಕೊಳ್ಳಬೇಕಾಯಿತು. ಹೊಸದಾಗಿ ಯಾಕೆ ಬರೆಯುವುದು ಎಂದು, ತಿಂಗಳ ಕೊನೆಗೆ ನಡೆಯುವ ಪ್ರಗತಿ ಪರಿಶೀಲನಾ ಸಭೆಯದ್ದೇ ನಕಲು ತೆಗೆದು ತಲೆಬರಹ ತಿದ್ದಿದರು. ಮೂವತ್ನಾಲ್ಕು ವರ್ಷ ಎಲ್ಲ ಸುತ್ತೋಲೆಗಳನ್ನೂ ಅವರು ಹಾಗೇ ತಯಾರಿಸಿದ್ದರು. ನಕಲಿನ ಜೊತೆಗೆ 'ಪ್ರತಿ ತಿಂಗಳು' ಕೂಡ ಬಂತು.

ಜೂನ್ ಕೊನೆಗೆ ಅವರು ವೈದ್ಯನಾಥಪುರದ ಮನೆಯ ಮುಂದೆ ಕೂತು ಮರದ ಗದೆಗೆ ಬಂಗಾರದ ಬಣ್ಣ ಬಳಿಯುತ್ತಿದ್ದರು. ಊರಿನ ಪೌರಾಣಿಕ ನಾಟಕದಲ್ಲಿ ಗದೆ ಹಿಡಿದ ರಾಜನ ಪಾರ್ಟು ಮಾಡಬೇಕೆನ್ನುವುದು ಅವರ ಜೀವಮಾನದ ಆಸೆ. ಒಂದು ವರ್ಷವೂ ತಾಲೀಮಿಗೆ ರಜೆ ಸಿಗದೆ, ಬರೀ ದ್ವಾರಪಾಲಕನಾಗಿ ನಿಂತೂ ನಿಂತೂ ಕಾಲು ಸವೆದಿತ್ತು. "ರಿಟೈರಾಗಿ ಬಾ ಸಿದ್ದಯ್ಯ, ಪಾರ್ಟು ನಿಂದೇಯ" ಎಂದು ಹಾರ್ಮೋನಿಯಂ ಮೇಷ್ಟ್ರು ಪುಟ್ಟಮಾದಯ್ಯ ಮಾತು ಕೊಟ್ಟಿದ್ದರು. ಆಗಲೇ ಕಚೇರಿಯಿಂದ ಗುಮಾಸ್ತೆ ಶ್ವೇತಳ ಫೋನು ಬಂತು.

"ಸಾರ್, ನಾಳೆ ಮೂರು ಗಂಟೆಗೆ ನಿಮ್ ಸೆಂಡಾಫು. ಬಂದ್ಬುಡಿ."

"ಓದ್ ತಿಂಗ್ಳೇ ಆಯ್ತಲ್ಲವ್ವಾ!"

"ಅದು ಮೇ ತಿಂಗಳ್ದು ಸಾರ್. ಇದು ಜೂನ್‌ದು."

"ಅಳಿಸಾಕ್ಬುಡವ್ವ ಅದ."

"ಬರೆದೋರೇ ಅಳಿಸ್ಬೇಕಂತೆ. ಬರೆದೋರು ನೀವು. ನೀವು ರಿಟೈರಾದ ಸಾಯಂಕಾಲವೇ ನಿಮ್ಮ ಪಾಸ್‌ವರ್ಡು ರದ್ದಾಯ್ತು. ಟಿಕ್ ಬೀಳದಿದ್ರೆ ಸಾಹೇಬ್ರಿಗೆ ಕೆಂಪು ಬತ್ತದೆ ಸಾರ್."

ಸಾಹೇಬರಾದ ರಾಜೇಂದ್ರ ಅವರು ನಿಯಮಕ್ಕೆ ಪ್ರಾಣ ಬಿಡುವವರು, ಆಗದ ಕೆಲಸಕ್ಕೆ ಟಿಕ್ ಹಾಕಗೊಡುವವರಲ್ಲ. ನೌಕರನಲ್ಲದವನಿಗೆ ಬೀಳ್ಕೊಡುಗೆ ಕೊಟ್ಟರೆ ಆಕ್ಷೇಪಣೆ ಬರುತ್ತದೆಂದು ಅರ್ಧ ಗಂಟೆಯಲ್ಲಿ ಜ್ಞಾಪನ ಹೊರಡಿಸಿದರು: "ಸದರಿ ಶ್ರೀ ಕೆಂಪಸಿದ್ದಯ್ಯ, ನಿವೃತ್ತ, ಇವರು ಪ್ರತಿ ಮಾಹೆಯ ಕೊನೆಯ ಕೆಲಸದ ದಿನ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗಿ, ಅಪರಾಹ್ನ ನಿವೃತ್ತಿ ಹೊಂದತಕ್ಕದ್ದು. ಗೈರುಹಾಜರಾದಲ್ಲಿ ನಿವೃತ್ತಿಯನ್ನು ತಡೆಹಿಡಿಯಲಾಗುವುದು."

"ಹಾಜರಾಗ್ತೀನಲ್ಲ ಸಾರ್, ಪಾಸ್‌ವರ್ಡಾದ್ರೂ ಕೊಡ್ಸಿ. ನಾನೇ ಅಳಿಸಾಕ್ತೀನಿ" ಎಂದು ಕೆಂಪಸಿದ್ದಯ್ಯನವರು ಮಾರನೇ ದಿನ ಬಂದು ಸಾಹೇಬರನ್ನು ಕೇಳಿಕೊಂಡರು.

"ಅದಕ್ಕೆ ಏಳು ಕೆಲಸದ ದಿನ ಬೇಕು ಸಿದ್ದಯ್ಯನವ್ರೆ. ಅಷ್ಟರಲ್ಲಿ ನೀವು ರಿಟೈರ್ ಆಗಿರ್ತೀರಲ್ಲ?"

ಮೈಸೂರು ಪೇಟ, ಹಾರ, ಹಣ್ಣಿನ ಬುಟ್ಟಿ ಎಲ್ಲ ಎರಡನೇ ಸಲ ಆಯಿತು. "ಇವರ ಸ್ಥಾನ ತುಂಬಲಾರದ್ದು" ಎಂದು ಸಾಹೇಬರು ಎರಡನೇ ಸಲ ಗದ್ಗದಿತರಾದರು. ಸಿಬ್ಬಂದಿಯಲ್ಲಿ ಒಬ್ಬರೂ ತಕರಾರು ತೆಗೆಯಲಿಲ್ಲ. ಮದ್ದೂರು ವಡೆ, ಕೇಸರಿಬಾತು, ಮೇಲೆ ಅರ್ಧ ದಿನದ ಬಿಡುವು ಯಾರಿಗೆ ಬೇಡ? ಶಾಲು ಮಾತ್ರ ಮಳವಳ್ಳಿಯ ಒಂದೇ ಅಂಗಡಿಯಿಂದ ಬರಬೇಕೆಂದು ನಿಯಮವಾಯಿತು. ಅಂಗಡಿ ಸಾಹೇಬರ ಭಾವಮೈದುನನದು.

ಅಷ್ಟರಲ್ಲಿ ನಾಟಕದ ದಿನ ಗೊತ್ತಾಯಿತು: ಜುಲೈ ಕೊನೆಯ ಕೆಲಸದ ದಿನ, ಬೆಳಗ್ಗೆ ಹತ್ತಕ್ಕೆ, ಮಂಡ್ಯದ ರಂಗಮಂದಿರದಲ್ಲಿ. ಕೆಂಪಸಿದ್ದಯ್ಯನವರು ಅವತ್ತೇ ಕಚೇರಿಗೆ ಓಡಿದರು. ರಜೆ ಅರ್ಜಿ ಬರೆದು ಕೊಟ್ಟರು. "ನಿವೃತ್ತಿಯ ದಿನ ರಜೆ ಹಾಕಲು ಅವಕಾಶವಿಲ್ಲ" ಎಂಬ ಷರಾದೊಂದಿಗೆ ಅರ್ಜಿ ಮಾರನೇ ದಿನವೇ ಹಿಂದಕ್ಕೆ ಬಂತು. ಆ ಕಚೇರಿಯಲ್ಲಿ ಅಷ್ಟು ಬೇಗ ಓಡಾಡಿದ ಕಾಗದ ಅದೊಂದೇ.

"ಓಗ್ದಿದ್ರೆ ಏನ್ ನೇಣಾಕ್ತಾರಾ?" ಎಂದು ಹೆಂಡತಿ ಚಿಕ್ಕಬೋರಮ್ಮ ರೇಗಿದರು.

"ನಿವೃತ್ತಿ ತಡೀತಾರಂತೆ ಕಣಮ್ಮಿ."

"ತಡುದ್ರೆ?"

"ದಿನಾ ಓಗ್ಬೇಕಾಯ್ತದೆ."

ಚಿಕ್ಕಬೋರಮ್ಮ ಒಲೆ ಕಡೆ ತಿರುಗಿದರು.

ಮೇಷ್ಟ್ರಿಗೂ ಬೇಜಾರಾಯಿತು. "ಬುಡು ಸಿದ್ದಯ್ಯ, ಪುಟ್ಟಸ್ವಾಮಿ ಮಾಡ್ಲಿ. ಅವ ಒಂದೇ ಸಲ ರಿಟೈರಾಗವ್ನೆ, ನಂಬಬೋದು" ಎಂದರು. ಪುಟ್ಟಸ್ವಾಮಿಗೆ ಶ್ರುತಿಯೂ ನಿಲ್ಲುವುದಿಲ್ಲ, ಗದೆಯೂ ನಿಲ್ಲುವುದಿಲ್ಲ. ಕೆಂಪಸಿದ್ದಯ್ಯನವರು ಮುದುಕನೆಂಬ ನಾಚಿಕೆಯನ್ನೂ ಬಿಟ್ಟು ಹಿತ್ತಿಲಲ್ಲಿ ನಿಂತು ಅತ್ತರು.

ಜುಲೈ ಕೊನೆಯ ಕೆಲಸದ ದಿನ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾದಾಗ ಅವರ ಕಂಕುಳಲ್ಲಿ ಯೂರಿಯಾ ಚೀಲ ಸುತ್ತಿದ ಗದೆ ಇತ್ತು. ಯಾಕೆ ತಂದರೋ ಅವರಿಗೇ ತಿಳಿಯದು. ಮೂರು ಗಂಟೆಗೆ ಶಾಲು ಬಿತ್ತು, ಪೇಟ ಏರಿತು. "ಎರಡು ಮಾತಾಡಿ" ಎಂದರು ಸಾಹೇಬರು.

ಕೆಂಪಸಿದ್ದಯ್ಯನವರು ಚೀಲ ಕಿತ್ತೆಸೆದರು. ಗದೆಯನ್ನು ಹೆಗಲಿಗೇರಿಸಿ, ಕಡತದ ಬೀರುವಿಗೆ ಬೆನ್ನು ಕೊಟ್ಟು ನಿಂತು, ರಾಜ್ಯ ಕಳೆದುಕೊಂಡ ರಾಜನ ಕಂದಪದ್ಯ ಎತ್ತಿದರು. ಕುಹಕಿಗಳೇ, ವಂಚಕರೇ, ಎಂದು ನಡುನಡುವೆ ಸಾಹೇಬರ ಮುಖ ನೋಡಿಯೇ ಗರ್ಜಿಸಿದರು. ಕಿಟಕಿ ಗಾಜು ಅದುರಿತು. ಹನ್ನೊಂದು ಜನರೂ ಕಚ್ಚಿದ ವಡೆ ಅಗಿಯುವುದನ್ನು ಮರೆತರು.

ಪದ್ಯ ಮುಗಿಯಿತು. ಮೊದಲು ಶಿಳ್ಳೆ ಹಾಕಿದವರು ಸಾಹೇಬರೇ. "ಒನ್ಸ್ ಮೋರ್!" ಎಂದು ಕೂಗಿದವರೂ ಅವರೇ. ಮಂಡ್ಯ ಸೀಮೆಯ ಮನುಷ್ಯ ಎಷ್ಟು ದೊಡ್ಡ ಹುದ್ದೆಯಲ್ಲಿದ್ದರೂ ಕಂದಪದ್ಯಕ್ಕೆ ಕೂತಲ್ಲಿ ಕೂರಲಾರ. ಕಚೇರಿಯೆಲ್ಲ ಒನ್ಸ್ ಮೋರ್ ಎಂದಿತು. ಮೂವತ್ನಾಲ್ಕು ವರ್ಷ ದ್ವಾರಪಾಲಕನಾಗಿ ಬೇರೆಯವರಿಗೆ ಬೀಳುವುದನ್ನು ಕೇಳಿದ್ದ ಕೂಗು ಅದು. ಕೆಂಪಸಿದ್ದಯ್ಯನವರು ಕಣ್ಣೊರೆಸಿಕೊಂಡು ಇನ್ನೊಮ್ಮೆ ಹಾಡಿದರು.

ಶ್ವೇತ ಬೀಳ್ಕೊಡುಗೆಗೆ ಟಿಕ್ ಹಾಕಿದಳು, ಮಂಡ್ಯದಲ್ಲಿ ಹಸಿರಾಯಿತು. ಸಾಹೇಬರ ಮೌಖಿಕ ಆದೇಶದಂತೆ ಹೊಸ ಕೆಲಸವೊಂದನ್ನೂ ಬರೆದಳು: "ಶ್ರೀ ಕೆಂಪಸಿದ್ದಯ್ಯನವರ ಕಂದಪದ್ಯ, ಮಧ್ಯಾಹ್ನ ಮೂರು, ಪ್ರತಿ ತಿಂಗಳು."

"ಇದು ನನ್ನ ಹೆಸರಲ್ಲೈತೆ ಸಾರ್" ಎಂದು ಮೆಲ್ಲಗೆ ಹೇಳಿದಳು. "ಬೇಡ ಅಂದ್ರೆ ಈಗ್ಲೇ ಅಳಿಸ್ತೀನಿ."

ಕೆಂಪಸಿದ್ದಯ್ಯನವರು ಗದೆಯನ್ನು ಮತ್ತೆ ಯೂರಿಯಾ ಚೀಲದಲ್ಲಿ ಸುತ್ತಿದರು.

"ಮೂರು ಗಂಟೆ ಬ್ಯಾಡ ಕಣವ್ವ," ಎಂದರು, "ಬೆಳಗ್ಗೆ ಹತ್ತಕ್ಕೆ ಆಕು. ಗಂಟ್ಲು ಸಂದಾಗಿರ್ತದೆ."