ಕ್ರೀಮಿಗೆ ಇಸ್ತ್ರಿ

"ಅಮ್ಮಾ, ಅತ್ತೆ ಯಾಕೆ ಕ್ರೀಮಿಗೆ ಇಸ್ತ್ರಿ ಹಾಕ್ತಾ ಇದಾರೆ?"

ಐದು ವರ್ಷದ ಮಗಳು ಕೇಳುವ ಪ್ರಶ್ನೆಗಳಿಗೆಲ್ಲ ಎದ್ದು ಓಡುತ್ತಿದ್ದರೆ ಮನೆಗೆಲಸ ಮುಗಿದಂತೆಯೇ. ಆದರೆ ಈ ಪ್ರಶ್ನೆಯ ಬೆನ್ನಿಗೇ ಪ್ಲಾಸ್ಟಿಕ್ ಸುಟ್ಟ ವಾಸನೆಯೂ ಬಂದದ್ದರಿಂದ ಮಡಚುತ್ತಿದ್ದ ಬಟ್ಟೆ ಬಿಟ್ಟು ಎದ್ದೆ.

ಮಗಳ ಮಾತಿನಲ್ಲಿ ಸುಳ್ಳಿರಲಿಲ್ಲ. ಮೇಜಿನ ಮೇಲೆ ಕ್ರೀಮಿನ ಡಬ್ಬಿ, ಡಬ್ಬಿಯ ಬಾಯಿಗೆ ಒಂದು ತುಂಡು ಬಟ್ಟೆ, ಬಟ್ಟೆಯ ಮೇಲೆ ಇಸ್ತ್ರಿ ಪೆಟ್ಟಿಗೆ. ಪೆಟ್ಟಿಗೆಯ ಹಿಂದೆ, ಆಪರೇಷನ್ ಮಾಡುವ ಡಾಕ್ಟರಂತೆ ಉಸಿರು ಬಿಗಿಹಿಡಿದು ನಿಂತ ಅತ್ತಿಗೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ, ನಮ್ಮ ಜೊತೆಯಲ್ಲೇ ಇರುವವರು. ಬೀದಿಯವರಿಗೆ ಅವರು ಕತ್ತರಿಯಮ್ಮ. ಈ ಬೀದಿಯ ಮುಕ್ಕಾಲು ಪಾಲು ಬಟ್ಟೆ ಅವರ ಮಿಷನ್ನಿನ ಕೆಳಗೆ ಹಾದುಹೋದದ್ದೇ. ಯಾರದಾದರೂ ತೋಳಿನಲ್ಲಿ ಒಂದು ನೂಲು ನೇತಾಡುವುದು ಕಂಡರೆ ಮುಗಿಯಿತು. ಮಾತನ್ನು ಅರ್ಧಕ್ಕೇ ನಿಲ್ಲಿಸಿ, ತೋಳು ಹಿಡಿದೆಳೆದು, ಕಚಕ್ಕೆಂದು ಕತ್ತರಿಸಿ, ನಿಲ್ಲಿಸಿದ ಮಾತಿನಿಂದಲೇ ಮುಂದುವರಿಸುವವರು. ಆ ಕತ್ತರಿಯನ್ನು ಬೇರೆಯವರು ಮುಟ್ಟುವ ಹಾಗಿಲ್ಲ. ನನ್ನ ಗಂಡ ಒಮ್ಮೆ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿ, ವಾರವಿಡೀ ಅಕ್ಕನ ಬಾಯಿಂದ ಒಂದು ಮಾತೂ ಸಿಗದೆ ಅನಾಥರಂತೆ ಓಡಾಡಿದ್ದರು.

ಈಚೆಗೆ ಅತ್ತಿಗೆಯ ಕಣ್ಣು ಮಂಜಾಗುತ್ತ ಬಂದಿತ್ತು. ಸೂಜಿಗೆ ದಾರ ಪೋಣಿಸಲು ನನ್ನ ಮಗಳನ್ನು ಕರೆಯುವುದು, ನಾನು ಕಂಡರೆ "ಮಗೂಗೆ ಕೈ ಕುದುರಲಿ ಅಂತ ಕರೆದೆ" ಎನ್ನುವುದು ನಡೆದಿತ್ತು. ಹೊಲಿಗೆ ಕೈಬಿಟ್ಟು ಹೋಗುವ ಮೊದಲು ಇನ್ನೊಂದು ಕೆಲಸ ಹಿಡಿಯಬೇಕು ಎಂದು ಅವರು ಯಾರಿಗೂ ಹೇಳಲಿಲ್ಲ. ತಮ್ಮ ಬಿರುಕು ಬೆರಳುಗಳಿಗೆಂದು ಮೇಣ, ಎಣ್ಣೆ ಕರಗಿಸಿ ಮಾಡಿಕೊಳ್ಳುತ್ತಿದ್ದ ಕ್ರೀಮನ್ನು ಡಬ್ಬಿಗಳಿಗೆ ತುಂಬಿ, ಬೀದಿ ಕೊನೆಯ ಬ್ಯೂಟಿ ಪಾರ್ಲರಿಗೆ ಒಯ್ದರು, ಅಷ್ಟೆ. ಪಾರ್ಲರಿನ ಮೇಡಂ ಕನ್ನಡಿಯ ಪಕ್ಕದ ಒಂದು ಶೆಲ್ಫ್ ಬಿಟ್ಟುಕೊಟ್ಟರು. ಅಂದು ಅತ್ತಿಗೆ ಹಾಡು ಗುನುಗುತ್ತ ಮನೆಗೆ ಬಂದರು. ಅವರಿಗೆ ಹಾಡಲು ಬರುತ್ತದೆಂಬುದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಹಾಡು ಬಹಳ ದಿನ ಉಳಿಯಲಿಲ್ಲ. ಬಿಸಿಲಿಗೆ ಕ್ರೀಮ್ ಕರಗಿ, ಮುಚ್ಚಳದ ಸಂದಿನಿಂದ ಗಿರಾಕಿಯೊಬ್ಬರ ಕೈಚೀಲದೊಳಕ್ಕೆ ಹರಿದು, ಅವರ ಫೋನು, ಬಾಚಣಿಗೆ, ಕನ್ನಡಕ ಎಲ್ಲದರ ಚರ್ಮವೂ ಮೃದುವಾಯಿತು.

"ನಿಮ್ಮ ಕ್ರೀಮಿಗೆ ಹೆಸರಿಡೋ ಹಾಗಿಲ್ಲಮ್ಮ," ಎಂದರು ಮೇಡಂ. "ಡಬ್ಬಿ ಬಾಯಿ ಮಾತ್ರ ಸರಿಯಿಲ್ಲ. ಇನ್ನೊಂದು ಸಲ ತನ್ನಿ, ನೋಡ್ತೀನಿ. ಆಗಲೂ ಹೀಗೇ ಆದ್ರೆ ಶೆಲ್ಫನ್ನ ಸೋಪು ಮಾಡೋ ಹುಡುಗಿಗೆ ಕೊಡಬೇಕಾಗತ್ತೆ. ಅವಳು ಕೇಳ್ತಾನೇ ಇದಾಳೆ."

ಮನೆಗೆ ಬಂದ ಅತ್ತಿಗೆ ಚಪ್ಪಲಿಯನ್ನೂ ಬಿಡದೆ ಹೊಸ್ತಿಲಲ್ಲೇ ಪ್ರತಿಜ್ಞೆ ಮಾಡಿದರು.

"ಇನ್ಮೇಲೆ ನನ್ನ ಡಬ್ಬಿಯಿಂದ ಒಂದೇ ಒಂದು ತೊಟ್ಟು ಆಚೆ ಬಂತೋ, ಈ ಕತ್ತರಿ ಮುಟ್ಟಲ್ಲ ನಾನು."

"ಅಷ್ಟು ದೊಡ್ಡ ಮಾತು ಯಾಕಕ್ಕಾ?" ಎಂದರು ನನ್ನ ಗಂಡ.

"ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಅಳತೆ ತಗೊಂಡೇ ಹೇಳ್ತಿರೋದು ಕಣೋ."

ಮರುದಿನ ಅತ್ತಿಗೆಯ ಜೊತೆ ನಾನೂ ಡಬ್ಬಿ ಮಾರುವ ಅಂಗಡಿಗೆ ಹೋದೆ. ಅಂಗಡಿಯವನು ಹಳೆಯ ಡಬ್ಬಿಯನ್ನು ತಿರುಗಿಸಿ ನೋಡಿ, "ತಪ್ಪು ಮುಚ್ಚಳದ್ದಲ್ಲಮ್ಮ. ಅದರೊಳಗೆ ಕೂರೋ ಈ ಬಿಲ್ಲೆಯದು. ಲೈನರ್ ಅಂತೀವಿ. ಒಂದೊಂದು ಸಾಮಾನಿಗೆ ಒಂದೊಂದು ಥರದ್ದು," ಎಂದ.

"ಕೋಟಿನ ಒಳಗಡೆ ಲೈನಿಂಗ್ ಕೊಡ್ತೀವಲ್ಲ, ಹಾಗೆ ಅನ್ನಿ."

"ಹಾಗೇ ಅನ್ಕೊಳ್ಳಿ."

ಅವನು ಹಾಗೆಂದದ್ದೇ ತಪ್ಪಾಯಿತು. ಲೈನಿಂಗ್ ವಿಷಯದಲ್ಲಿ ತಮಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂದು ಅತ್ತಿಗೆ ತೀರ್ಮಾನಿಸಿದರು. ಯಾವುದನ್ನು ಹೇಗೆ ಬಳಸಬೇಕೆಂದು ಅವನು ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಎಲ್ಲ ಬಗೆಯದನ್ನೂ ಸ್ವಲ್ಪ ಸ್ವಲ್ಪ ಕಟ್ಟಿಸಿಕೊಂಡು ಮೆಟ್ಟಿಲಿಳಿದಿದ್ದರು.

ಅಲ್ಲಿಂದ ಮನೆಯಲ್ಲಿ ಪರೀಕ್ಷಾ ಕಾಲ. ಡಬ್ಬಿಯನ್ನು ತಲೆಕೆಳಗು ಮಾಡಿ ಕಿಟಕಿಯ ಬಿಸಿಲಿಗಿಡುವುದು, ಅದರಡಿ ತಮ್ಮನ ಬಿಳಿ ಕರವಸ್ತ್ರ ಹಾಸುವುದು. ಇದು ಅತ್ತಿಗೆಯ ವಿಧಾನ. ಸ್ಪಂಜಿನಂಥ ಬಿಲ್ಲೆ ಬೆಳಗಿನವರೆಗೆ ಮರ್ಯಾದೆಯಾಗಿದ್ದು, ಬಿಸಿಲೇರಿದ ಮೇಲೆ ಮೆಲ್ಲಗೆ ಕಣ್ಣೀರಿಟ್ಟಿತು. ರಟ್ಟಿನ ಬಿಲ್ಲೆ ಎಣ್ಣೆಯನ್ನೆಲ್ಲ ತಾನೇ ಕುಡಿದು, ನೆನೆದ ಬಿಸ್ಕತ್ತಿನಂತೆ ಉಬ್ಬಿ ಕೂತಿತು. ಒತ್ತಿದರೆ ಅಂಟಿಕೊಳ್ಳುವ ಬಿಲ್ಲೆಯಂತೂ ಜಿಡ್ಡಿನ ಅಂಚಿಗೆ ಅಂಟುವ ಮಾತೇ ಆಡಲಿಲ್ಲ. ಅತ್ತಿಗೆಯ ಹೆಬ್ಬೆರಳಿಗೆ ಮಾತ್ರ ಬಿಡದೆ ಅಂಟಿತು.

"ಅಕ್ಕಾ, ನನ್ನ ಕರವಸ್ತ್ರ ಎಲ್ಲಾ ಹೋಯ್ತು. ಆಫೀಸಲ್ಲಿ ಸೀನು ಬಂದ್ರೆ ಏನು ಮಾಡ್ಲಿ?"

"ತಡ್ಕೋ."

ಕೊನೆಗೆ ಉಳಿದದ್ದು ಬೆಳ್ಳಿಯಂತೆ ಹೊಳೆಯುವ ಹಾಳೆಯ ಬಿಲ್ಲೆ, ಬಿಸಿ ತಾಗಿದರೆ ಡಬ್ಬಿಯ ಬಾಯಿಗೆ ಅಂಟಿಕೊಳ್ಳುವಂಥದ್ದು. ಬಿಸಿ ಎಂದ ಕೂಡಲೇ ಅತ್ತಿಗೆಗೆ ಹೊಳೆದದ್ದು ಇಸ್ತ್ರಿ ಪೆಟ್ಟಿಗೆ. ಮಗಳು ಬಂದು ಪ್ರಶ್ನೆ ಕೇಳಿದ್ದು ಆಗಲೇ.

ಪೆಟ್ಟಿಗೆಯ ಗುಂಡಿಯನ್ನು ಹತ್ತಿ ಬಟ್ಟೆಗೆ ತಿರುಗಿಸಿದಾಗ ಬಂದ ಬಿಸಿಗೆ ಡಬ್ಬಿಯ ಬಾಯಿ ಸೊಟ್ಟಗಾಯಿತು. ರೇಷ್ಮೆಯ ಬಿಸಿ ಏನೇನೂ ಸಾಲಲಿಲ್ಲ. ಉಣ್ಣೆಯ ಬಿಸಿಗೆ ತಂದು, ಅಂಚನ್ನು ಚೆನ್ನಾಗಿ ಒರೆಸಿ, ಮೇಲೊಂದು ಬಟ್ಟೆ ಹಾಸಿ ಒತ್ತಿದಾಗ ಬಿಲ್ಲೆ ಹುಟ್ಟಿದ್ದೇ ಅಲ್ಲಿ ಎಂಬಂತೆ ಕೂತಿತು. ಡಬ್ಬಿಯನ್ನು ತಲೆಕೆಳಗಿಟ್ಟರು. ಬಕೆಟ್ ನೀರಿನಲ್ಲಿ ಮುಳುಗಿಸಿದರು. ಮಗಳು ಸಂತೋಷದಿಂದ ಮೆಟ್ಟಿಲ ಮೇಲಿಂದ ಉರುಳಿಸಿಕೊಟ್ಟಳು. ತೊಟ್ಟೂ ಹೊರಗೆ ಬರಲಿಲ್ಲ.

ಒಂದೇ ಒಂದು ಕೊರತೆ ಅತ್ತಿಗೆಯ ಕಣ್ಣಿಗೆ ಬಿತ್ತು. ಪ್ರತಿ ಬಿಲ್ಲೆಯ ಅಂಚಿನಲ್ಲೂ ಕಿವಿಯಂಥ ಒಂದು ಚೂರು ಹೊರಗೆ ಚಾಚಿಕೊಂಡಿತ್ತು.

"ನೋಡೇ, ಎಷ್ಟು ಕೆಟ್ಟದಾಗಿ ಕತ್ತರಿಸಿದಾರೆ. ದುಂಡಗೆ ಕತ್ತರಿಸೋಕೆ ಬರದವರೆಲ್ಲ ಫ್ಯಾಕ್ಟರಿ ಇಟ್ಕೊಂಡಿದಾರೆ."

ಕಚಕ್. ಕಚಕ್. ಅತ್ತಿಗೆ ಬೇಸರವಿಲ್ಲದೆ ಕಿವಿಗಳನ್ನು ಕತ್ತರಿಸುತ್ತ ಹೋದರು. ಮಗಳು ಅವನ್ನೆಲ್ಲ ಆಯ್ದುಕೊಂಡು ಗೊಂಬೆಗೆ ಬೆಳ್ಳಿ ತಟ್ಟೆ ಮಾಡಿದಳು. ಮುಗಿದ ಡಬ್ಬಿಗಳ ಸಾಲು ನಿಜಕ್ಕೂ ಲಕ್ಷಣವಾಗಿತ್ತು.

"ಒಂದನ್ನ ತೆಗೆದು ನೋಡೋಣ್ವಾ ಅತ್ತಿಗೆ?" ಎಂದೆ.

ಅವರು ನನ್ನನ್ನು ಕನಿಕರದಿಂದ ನೋಡಿದರು. "ಹೊಲಿದು ಮುಗಿಸಿದ ಬಟ್ಟೇನ ಯಾರಾದ್ರೂ ಬಿಚ್ಚಿ ನೋಡ್ತಾರಾ?"

ಡಬ್ಬಿಗಳು ಪಾರ್ಲರಿನ ಶೆಲ್ಫ್ ಏರಿದವು.

ಮರುದಿನ ಮೇಡಂ ಫೋನ್ ಮಾಡಿ, "ಸ್ವಲ್ಪ ಬಂದು ಹೋಗಿ," ಎಂದಷ್ಟೇ ಹೇಳಿ ಇಟ್ಟರು. ಅತ್ತಿಗೆ ದಾಪುಗಾಲು ಹಾಕುತ್ತ ಹೊರಟರು. ಮಗಳನ್ನು ಎತ್ತಿಕೊಂಡು ಅವರ ಹೆಜ್ಜೆಗೆ ಹೆಜ್ಜೆ ಹಾಕುವಷ್ಟರಲ್ಲಿ ನನಗೆ ಏದುಸಿರು ಬಂತು.

ಪಾರ್ಲರಿನಲ್ಲಿ ಯುದ್ಧ ಮುಗಿದ ಮೌನ. ಕನ್ನಡಿಯ ತುಂಬ ಕ್ರೀಮ್. ನೆಲದ ಮೇಲೆ ಬಾಗಿದ ಹೇರ್‌ಪಿನ್ನುಗಳು, ಮುರಿದ ಬಾಚಣಿಗೆ. ಕುರ್ಚಿಯಲ್ಲಿ ಗಿರಾಕಿಯೊಬ್ಬರು ಹುಬ್ಬಿನ ಮೇಲೂ ಕ್ರೀಮ್ ಹೊತ್ತುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಮೇಡಂ ತಮ್ಮ ತೋರುಬೆರಳನ್ನು ನಮ್ಮೆದುರು ಎತ್ತಿ ಹಿಡಿದರು. ಊರವರ ಉಗುರನ್ನೆಲ್ಲ ಅಂದಗೊಳಿಸುವ ಆ ಬೆರಳಿನ ಉಗುರೇ ಬುಡಮಟ್ಟ ಮುರಿದಿತ್ತು.

ಅತ್ತಿಗೆ ಕೇಳಿದ್ದು ಒಂದೇ: "ಸೋರ್ತಾ?"

"ಸೋರಿದ್ರೆ ಚೆನ್ನಾಗಿತ್ತಲ್ಲಮ್ಮ. ಬಾಚಣಿಗೆಯಿಂದ ತಿವಿದ ಮೇಲೆ ಬಾಂಬಿನ ಹಾಗೆ ಸಿಡೀತು. ಇದನ್ನ ತೆಗೆಯೋದು ಹೇಗೆ, ಅದನ್ನ ಹೇಳಿ ಮೊದಲು."

ಅತ್ತಿಗೆ ಒಂದು ಡಬ್ಬಿ ಎತ್ತಿಕೊಂಡರು. ಮುಚ್ಚಳ ಬಿಚ್ಚಿ, ಬಿಲ್ಲೆಯ ಅಂಚಿನ ಮೇಲೆ ಬೆರಳಾಡಿಸಿದರು. ಎಲ್ಲೂ ಹಿಡಿ ಸಿಗಲಿಲ್ಲ. ಅಷ್ಟು ನುಣುಪಾಗಿ ಕತ್ತರಿಸಿದ್ದರು.

"ಕಿವಿ ಹಿಡ್ಕೊಂಡು ಎಳೀಬೇಕು," ಎಂದಳು ನನ್ನ ಮಗಳು, ಕಂಕುಳಿಂದಲೇ. "ನನ್ನ ಹಾಲಿನ ಪುಡಿ ಡಬ್ಬಿ ಹಾಗೇ ತೆಗೀತಾರೆ ಅಮ್ಮ."

"ಇದಕ್ಕೆಲ್ಲಿದೆ ಪುಟ್ಟಿ ಕಿವಿ?" ಎಂದರು ಮೇಡಂ.

"ಅತ್ತೆ ಕತ್ತರಿಸಿ ನನಗೆ ಕೊಟ್ರಲ್ಲ. ಗೊಂಬೆ ಊಟ ಮಾಡ್ತಿದೆ ಅದರಲ್ಲಿ."

ಮೇಡಂ ಅತ್ತಿಗೆಯ ಮುಖ ನೋಡಿದರು. ಅತ್ತಿಗೆ ಡಬ್ಬಿಯನ್ನು ನೋಡುತ್ತಿದ್ದರು. ಅವರ ಕಿವಿಗಳು ಕೆಂಪಗಾಗಿದ್ದನ್ನು ನಾನು ಅಂದೇ ಮೊದಲು ಕಂಡದ್ದು. ಕೊನೆಗೆ ಕುರ್ಚಿಯಲ್ಲಿದ್ದ ಗಿರಾಕಿ, ಕಣ್ಣು ಮುಚ್ಚಿಕೊಂಡೇ ಕೆನ್ನೆ ಮುಟ್ಟಿಕೊಂಡು, "ಕ್ರೀಮ್ ಚೆನ್ನಾಗಿದೆ ರೀ, ಸಿಡಿದಿದ್ದು ಸಾರ್ಥಕ," ಎಂದರು.

ಮೇಡಮ್ಮಿಗೆ ನಗು ತಡೆಯಲಾಗಲಿಲ್ಲ. "ಈ ವಾರ ಶೆಲ್ಫ್ ಖಾಲಿ ಇಟ್ಟಿರ್ತೀನಿ. ಕಿವಿ ಇರೋ ಡಬ್ಬಿ ತನ್ನಿ. ಇಲ್ಲ ಅಂದ್ರೆ ಸೋಪು ಬರತ್ತೆ, ಆಮೇಲೆ ನನ್ನ ಬೈಬೇಡಿ."

ಡಬ್ಬಿಗಳೆಲ್ಲ ಮನೆಗೆ ವಾಪಸಾದವು. ಹೊಲಿಗೆ ಬಿಚ್ಚುವ ಕಡ್ಡಿಯ ಚೂಪು ಮೊನೆಯಿಂದ ಒಂದೊಂದರ ಬಿಲ್ಲೆಯನ್ನೂ ಅತ್ತಿಗೆ ಸುತ್ತಲೂ ಕೊರೆದು ತೆಗೆದರು. ಬಾಯಿ ಒರೆಸಿದರು. ಹೊಸ ಬಿಲ್ಲೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಇಸ್ತ್ರಿ ಪೆಟ್ಟಿಗೆಯನ್ನು ಉಣ್ಣೆಯ ಬಿಸಿಗೆ ತಿರುಗಿಸಿದರು. ನಾನು ಅಡುಗೆಮನೆಗೆ ಬಂದೆ.

ಸ್ವಲ್ಪ ಹೊತ್ತಿಗೆ ಮುಂದಿನ ಕೋಣೆಯಿಂದ ಕಚಕ್ ಎಂಬ ಸದ್ದು ಕೇಳಿತು. ಆಮೇಲೆ ಸದ್ದಿಲ್ಲ.

ಅತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದರು. ಒಂದು ಕೈಯಲ್ಲಿ ಬೆಳ್ಳಿಯ ಒಂದು ಕಿವಿ. ಇನ್ನೊಂದರಲ್ಲಿ ಆ ಕತ್ತರಿ, ಮಗುವನ್ನು ಸುತ್ತಿದಂತೆ ಹಳೆಯ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ.

"ಒಂದು ಉಪಕಾರ ಮಾಡ್ತೀಯಾ?" ಎಂದರು ನೆಲ ನೋಡುತ್ತ. "ಡಬ್ಬಿ ಎಲ್ಲ ಮುಗಿಯೋವರೆಗೂ ಇದನ್ನ ನಿನ್ನ ಬೀರುವಿನಲ್ಲಿಟ್ಟು ಬೀಗ ಹಾಕು. ನಾನೇ ಬಂದು ಕೇಳಿದ್ರೂ ಕೊಡಬೇಡ."