ಒಂದು ಸೀನು, ಸಾವಿರ ಕರಿಕಲ್ಲು

ಭಕ್ತಿ ಇರಬೇಕು, ಅದನ್ನು ನಾಲ್ಕು ಜನ ನೋಡಲಿ ಎಂಬ ಆಸೆ ಇರಬಾರದು. ನನಗೆ ಎರಡನೆಯದು ತುಸು ಹೆಚ್ಚೇ ಇದೆ. ಇಲ್ಲದಿದ್ದರೆ ಕಾಸಾರಶಿರಸಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡ ನಾನು, ಮನೆಯ ದೇವರ ಕೋಣೆ ಬಿಟ್ಟು, ಸೇತುವೆಯ ಮೇಲೆ ಬಸ್ಸು ಓಡಾಡುವ ಹೊತ್ತಿಗೇ ಹೊಳೆದಂಡೆಯಲ್ಲಿ ಲಿಂಗಪೂಜೆಗೆ ಏಕೆ ಕೂರುತ್ತಿದ್ದೆ? ಮೊನ್ನೆ ಉಮರ್ಗಾ ಬಸ್ಸು ಬಂತು. ಕಣ್ಣು ಮುಚ್ಚಿ ಬೆನ್ನು ನೆಟ್ಟಗೆ ಮಾಡಿದೆ. ವಿಭೂತಿ ಮೂಗಿಗೆ ಹೋಗಿ ಎಂಥ ಸೀನು ಬಂತೆಂದರೆ, ಅಂಗೈಯಲ್ಲಿದ್ದ ಇಷ್ಟಲಿಂಗ ಜಿಗಿದು ನೀರಂಚಿನ ಕಲ್ಲುಗಳ ನಡುವೆ ಹೋಯಿತು.

ಕಲ್ಲೋ, ಎಲ್ಲವೂ ಕರಿ, ಎಲ್ಲವೂ ನುಣುಪು! ಹುಟ್ಟಿದಾಗ ಅವ್ವ ಕಟ್ಟಿಸಿದ ನನ್ನ ಲಿಂಗವೂ ಐವತ್ತು ವರ್ಷ ಕೈಯಾಡಿ ಅವುಗಳ ತಮ್ಮನಂತಾಗಿತ್ತು. ತೊಗರಿಬೇಳೆಯಲ್ಲಿ ಒಂದು ಹರಳಿದ್ದರೂ ಮಾರು ದೂರದಿಂದ ಹೇಳುತ್ತೇನೆಂದು ಗಿರಾಕಿಗಳ ಮುಂದೆ ಬಡಾಯಿ ಕೊಚ್ಚುವವನು ನಾನು. ಹೆಂಡತಿಗೆ ಫೋನ್ ಮಾಡಿದೆ. "ಅಯ್ಯ ಶಿವನೇ! ಸಿಗೂತನಕಾ ಬಾಯಾಗ ಹನಿ ನೀರ ಹಾಕ್ಬ್ಯಾಡ್ರಿ ಮತ್ತ," ಎಂದಳು. ಪೂಜೆಯಾಗದೆ ನಾವು ಉಣ್ಣುವಂತಿಲ್ಲ. ಹಸಿವೆ ನನಗೆ ಆಗದ ಮಾತು. ಆದರೂ ಅವತ್ತು ಹೊಟ್ಟೆಗಿಂತ ಎದೆಯೇ ಹೆಚ್ಚು ಉರಿಯಿತು. ಅವ್ವ ಈಗಿಲ್ಲ, ಆಕೆ ಕಟ್ಟಿಸಿದ್ದನ್ನೂ ಕಳೆದೆನಲ್ಲ! ಒಂದೊಂದೇ ಕಲ್ಲಿಗೆ ನೀರು ಸುರಿದು ತೊಳೆದು ನೋಡಿದೆ. ತೊಳೆದಷ್ಟೂ ಎಲ್ಲವೂ ಲಿಂಗವಾಗುತ್ತ ಬಂದವು.

ಅಷ್ಟರಲ್ಲಿ ಕುರಿ ಕಾಯುವ ಮಾಳಪ್ಪ, ಹಣೆ ತುಂಬ ತನ್ನ ದೇವರು ಬೀರಪ್ಪನ ಅರಿಸಿನ ಭಂಡಾರ ಬಳಿದುಕೊಂಡು, ನೀರಿಗೆ ಕುರಿ ಹೊಡೆದುಕೊಂಡು ಬಂದ.

"ಏನ್ ಹುಡಕಲತ್ತೀರಿ ಸಾವ್ಕಾರ್ರ?"

ಹೇಳಿದೆ.

"ಥಾಂಬ್ರಿ, ತಡೀರಿ! ನೀರ ಹಾಕಬ್ಯಾಡ್ರಿ. ಹೊಳಿ ಈ ಕಲ್ಲಿಗಿ ಉಳ್ಳಾಡ್ಸಿ, ಒಂದಕ್ಕೊಂದು ತಿಕ್ಕಿ ನುಣ್ಣಗ ಮಾಡ್ಯಾದ. ತೊಯ್ದ್ರ ಎಲ್ಲಾ ಕರಿನೇ ಕಾಣ್ತಾವ. ಒಣಗಲಿ, ಸುಮ್ನ ಕುಂದರ್ರಿ."

ನಾನು ಸುಮ್ಮನೆ ಕೂರುವ ಜಾತಿಯವನೇ? ನಮ್ಮ ಕಡೆಯ ಕರಿಕಲ್ಲೆಲ್ಲ ಭೂಮಿಯೊಳಗಿಂದ ಉಕ್ಕಿದ ಬೆಂಕಿ ಆರಿ ಆದದ್ದೆಂದು ಶಾಲೆಯಲ್ಲಿ ಕಲಿತದ್ದನ್ನು ಬಿಚ್ಚಿದೆ.

"ಹುಟ್ಟಿದ್ದ ಬೆಂಕ್ಯಾಗ ಇರ್ಲಿ," ಎಂದ ಮಾಳಪ್ಪ, "ಶಾಣ್ಯಾ ಆಗಿದ್ದ ನೀರಾಗ."

ಬಿಸಿಲೇರಿತು. ಕಲ್ಲುಗಳು ಒಂದೊಂದಾಗಿ ಒಣಗಿ ಬೂದಿ ಬಣ್ಣಕ್ಕೆ ತಿರುಗಿದವು. ಒಂದು ಮಾತ್ರ ಕರ್ರಗೆ ಮಿರಿಮಿರಿ ಮಿಂಚುತ್ತ ಉಳಿಯಿತು. ಐವತ್ತು ವರ್ಷದ ಕೈಜಿಡ್ಡು ಬಿಸಿಲಿಗೆ ಒಣಗುವುದುಂಟೇ? ಎತ್ತಿ ಕಣ್ಣಿಗೊತ್ತಿಕೊಂಡೆ, ನಾಚಿಕೆ ಬಿಟ್ಟು ಅತ್ತೆ. ಬಸ್ಸಿನವರು ನೋಡಿದರೋ ಇಲ್ಲವೋ, ಆ ಕಡೆ ಲಕ್ಷ್ಯವೇ ಹೋಗಲಿಲ್ಲ.

ಪೂಜೆ ಮುಗಿಸಿ ಕಣ್ಣು ತೆರೆದರೆ, ಮಾಳಪ್ಪ ತನ್ನ ಗಂಟು ಬಿಚ್ಚಿ ಕೂತಿದ್ದ. ನಾಲ್ಕು ಜೋಳದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ. "ಮುಂಜಾನಿಂದ ಉಪಾಸ ಇದ್ದೀರಿ, ಉಣ್ರಿ," ಎಂದ. "ನಿನ್ನ ಉಪಕಾರ ಸಾಯೂತನಕಾ ಮರಿಯಂಗಿಲ್ಲೋ ಮಾಳಪ್ಪಾ," ಎಂದು ಹೇಳುತ್ತ ಹೇಳುತ್ತಲೇ ಮೂರು ರೊಟ್ಟಿ ಮುಗಿಸಿದೆ. ಮನಸ್ಸಿನಿಂದಲೇ ಹೇಳಿದ ಮಾತದು, ಸುಳ್ಳಲ್ಲ. ಆದರೆ ಅವನೂ ಇನ್ನೂ ಉಂಡಿಲ್ಲ ಎಂಬುದು ಹೊಳೆದದ್ದು, ನಾಲ್ಕನೆಯದಕ್ಕೆ ಕೈ ಹಾಕಿದ ಮೇಲೆ.