ಸಂಡೂರಿನ ಏರಿನಲ್ಲಿ ನಿಂತ ಕಾರು

ಅಗ್ಗಕ್ಕೆ ಸಿಕ್ಕಿತೆಂದು ಏನನ್ನಾದರೂ ಕೊಂಡವನ ಮುಖದಲ್ಲಿ ಕೆಲವು ದಿನ ಒಂದು ಕಳೆ ಇರುತ್ತದೆ. ಲೋಕವೆಲ್ಲ ಮೋಸಹೋಗುತ್ತಿರುವಾಗ ತಾನೊಬ್ಬ ಜಾಣನಾಗಿ ಉಳಿದೆನೆಂಬ ಕಳೆ. ಹಳೆಯ ಕಾರು ಕೊಂಡ ಹೊಸತರಲ್ಲಿ ನನ್ನ ಮುಖದಲ್ಲೂ ಅದಿತ್ತಂತೆ. ಟಿ.ಬಿ. ಡ್ಯಾಂನ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾದ ನನಗೆ ಕಾರಿನ ಅಗತ್ಯವೇನೂ ಇರಲಿಲ್ಲ. ಕ್ವಾರ್ಟರ್ಸಿನಿಂದ ಕಚೇರಿಗೆ ನಡೆದರೆ ಬೆವರೂ ಬರುವುದಿಲ್ಲ. "ಎಲ್ಲಿಗೆ ಹೋಗಾಕ ಬೇಕ್ರಿ ಅದು?" ಎಂದು ಹೆಂಡತಿ ಶಾರದಾ ಕೇಳಿದಾಗ "ಹಂಪಿಗೆ" ಎಂದಿದ್ದೆ. ಹಂಪಿಗೆ ನಾವು ಹೋಗುವುದು ಪರವೂರಿನ ನೆಂಟರು ಬಂದು ಹಟ ಹಿಡಿದಾಗ ಮಾತ್ರ.

ಕಾರು ಸಂಡೂರಿನ ಗಣಿಗಳ ಕಡೆ ಓಡಾಡಿದ್ದು. ಮಾರುವವನು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಘಾಟಿಯಲ್ಲಿ ಗಾಡಿ ಇಳಿಸಿ ತೋರಿಸಿದ. "ನೋಡ್ರಿ ಸರ್, ಸೌಂಡೇ ಇಲ್ಲ. ಮಸ್ತ್ ಗಾಡಿ!" ನಿಜ, ಸದ್ದೇ ಇರಲಿಲ್ಲ. ಇಳಿಜಾರಿನಲ್ಲಿ ಎತ್ತಿಲ್ಲದ ಬಂಡಿಯೂ ಸದ್ದಿಲ್ಲದೆ ಓಡುತ್ತದೆ. ಒಮ್ಮೆ ಹತ್ತಿಸಿ ತೋರಿಸಪ್ಪಾ ಎಂದು ಕೇಳುವುದು ನನಗೆ ಹೊಳೆಯಲೇ ಇಲ್ಲ. ಮನೆಗೆ ತಂದು ಎ.ಸಿ. ಹಾಕಿದೆ, ತಂಪು ಬರಲಿಲ್ಲ, ವರ್ಷಗಟ್ಟಲೆ ಒಳಗೆ ಕೂತಿದ್ದ ಕೆಂಪು ಅದಿರಿನ ಧೂಳು ಬಂತು. ಶಾರದಾ ಮುಖ ಒರೆಸಿಕೊಳ್ಳುತ್ತಾ, "ಕುಂಕುಮ ಹಚ್ಚಿ ಕಳಸ್ತೈತಿ. ಮರ್ಯಾದಸ್ತ ಗಾಡಿ" ಎಂದಳು.

ಇಷ್ಟರಲ್ಲೇ ಮುಗಿದಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಕಂಪ್ಲಿ ಹತ್ತಿರದ ಮೆಟ್ರಿಯಲ್ಲಿರುವ ನನ್ನ ಅಕ್ಕ ಗಂಗಕ್ಕ ತನ್ನ ಒಬ್ಬಳೇ ಮಗಳು ರೇಣುಕಾಳನ್ನು ಸಂಡೂರಿಗೆ ಕೊಟ್ಟಿದ್ದಳು. ಆ ಹುಡುಗಿ ಈಗ ತುಂಬು ಬಸುರಿ. ಚೊಚ್ಚಲ ಬಾಣಂತನಕ್ಕೆ ಮಗಳನ್ನು ಕರೆತರಬೇಕೆಂದು ಅಕ್ಕ ಒಳಕೋಣೆಗೆ ಸುಣ್ಣ ಹೊಡೆಸಿ, ರೇಣುಕಾ ಮಲಗಿ ಬೆಳೆದ ಮರದ ತೊಟ್ಟಿಲನ್ನೇ ಅಟ್ಟದಿಂದ ಇಳಿಸಿ ಕಟ್ಟಿದ್ದಳು. ಕಂಪ್ಲಿಯಿಂದ ಬಾಡಿಗೆ ಗಾಡಿಗೆ ಹೇಳಿಯೂ ಆಗಿತ್ತು. ಅದನ್ನು ಬಿಡಿಸಿದವನು ನಾನು. "ತಮ್ಮನ ಗಾಡಿ ಇರೂ ಹೊತ್ತಿನ್ಯಾಗ ಬಾಡಿಗಿ ಗಾಡಿ ಯಾಕ ಬೇಕು?" ಎಂದೆ. ಅಕ್ಕನ ಕಣ್ಣು ಅರಳಿತು. ಆ ಕಣ್ಣು ನೆನಪಾದರೆ ಈಗಲೂ ಎದೆ ಚುಳ್ಳೆನ್ನುತ್ತದೆ.

ಹೋಗುವಾಗ ಅಕ್ಕನೂ ನಾನೂ ಘಾಟಿಯಲ್ಲಿ ಅಲ್ಲಲ್ಲಿ ನಿಂತು, ಕಾರಿಗೆ ನೀರು ಕುಡಿಸಿ, ಹೇಗೋ ಸಂಡೂರು ಮುಟ್ಟಿದೆವು. ಬೀಗಿತ್ತಿ ಚೆನ್ನಮ್ಮ ಗಟ್ಟಿಗಿತ್ತಿ, ಆದರೆ ಬಾಯಿ ತುಂಬ ಮಾತಾಡಿಸುವವರು. ಊಟವಾಯಿತು. ರೇಣುಕಾಗೆ ಉಡಿ ತುಂಬಿ, ಕಾರಿಗೆ ಕೂಡ ಆರತಿ ಎತ್ತಿದರು. ಹೊಸ ಹಸಿರು ಸೀರೆಯ ಹುಡುಗಿ ಹಿಂದಿನ ಸೀಟಿನಲ್ಲಿ ಅಮ್ಮನ ಕೈ ಹಿಡಿದು ಕೂತಳು. ಕೀಲಿ ತಿರುಗಿಸಿದೆ. ಕಾರು ಮುದುಕರಂತೆ ಕೆಮ್ಮಿ ಸುಮ್ಮನಾಯಿತು. ಓಣಿಯ ಜನ ಸೇರಿ ನೂಕಿದರು. ಹೊರಟಿತು. ಓಣಿಯ ಕೊನೆಯ ಸಣ್ಣ ಏರಿನಲ್ಲಿ ಬಾನೆಟ್ಟಿನಿಂದ ಭುಸ್ಸೆಂದು ಹೊಗೆ ಎದ್ದು ಕಾರು ನಿಂತಿತು. ಆಮೇಲೆ ಹಿಂದಕ್ಕೆ ಜಾರತೊಡಗಿತು. ನೂಕಿದ ಜನವೇ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟರು. ರೇಣುಕಾ ಹೊಟ್ಟೆ ಹಿಡಿದುಕೊಂಡು ಬಿಳಿಚಿಕೊಂಡಿದ್ದಳು.

ಚೆನ್ನಮ್ಮ ಬಂದು ಬಾಗಿಲು ತೆಗೆದರು. "ಇಳಿಯವ್ವ" ಎಂದರು ಸೊಸೆಗೆ.

"ಬ್ಯಾರೆ ಗಾಡಿ ತರ್ಸ್ತೀನ್ರಿ, ಜಲ್ದಿ ಬರ್ತೈತಿ" ಎಂದು ನಾನು ತೊದಲಿದೆ.

"ಬ್ಯಾಡ್ರಿ. ಆರತಿ ಎತ್ತಿ ಕಳಿಸಿದ್ದು ಹಿಂಗ ನಿಂತ್ರ ನನ್ನ ಮನಸು ಒಪ್ಪಂಗಿಲ್ಲ. ಹೆರಿಗಿ ಇಲ್ಲೇ ಆಗ್ಲಿ. ಗಂಗಕ್ಕಾರ, ನೀವೂ ಇಲ್ಲೇ ಬಂದಿರ್ರಿ."

ಕಾರನ್ನು ಅಲ್ಲೇ ಬಿಟ್ಟು ನಾನೂ ಅಕ್ಕನೂ ಹೊರಟೆವು. ಬಸ್‌ ನಿಲ್ದಾಣದಲ್ಲಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಂದೇನ್ ತಪ್ಪೈತೋ, ಗಾಡಿದು" ಎಂದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಹೆರಿಗೆ ಸಂಡೂರಿನಲ್ಲೇ ಸುಖವಾಗಿ ಆಯಿತು, ಹೆಣ್ಣುಮಗು. ಅಕ್ಕ ಬೇರೆಯವರ ಅಡುಗೆಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳುತ್ತಾ ಮಗಳ ಬಾಣಂತನ ಮಾಡಿದಳು. ಆ ನಡುವೆ ಒಮ್ಮೆ ಅವಳ ಬಟ್ಟೆ ತರಲು ಮೆಟ್ರಿಗೆ ಹೋದಾಗ ಒಳಕೋಣೆಯಲ್ಲಿ ಇಣುಕಿದೆ. ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ಖಾಲಿ ತೊಟ್ಟಿಲ ಮೇಲೆ ಧೂಳು ಕೂರದಿರಲೆಂದು ಅಕ್ಕ ಹಳೆಯ ಸೀರೆ ಹೊದಿಸಿ ಹೋಗಿದ್ದಳು. ಅಲ್ಲಿ ನಿಲ್ಲಲಾಗಲಿಲ್ಲ.

ಹೆಸರಿಡುವ ದಿನ ನಾವೆಲ್ಲ ಬಸ್ಸಿನಲ್ಲೇ ಹೋದೆವು. ಚೆನ್ನಮ್ಮ "ಬರ್ರಿ, ಕುಂದ್ರಿ" ಎಂದು ಏನೂ ಆಗಿಲ್ಲವೆಂಬಂತೆ ಕರೆದು ಮಗುವನ್ನು ನನ್ನ ತೊಡೆಯ ಮೇಲೆ ಹಾಕಿದರು. ರೇಣುಕಾ ಹತ್ತಿರ ಬಂದು, "ಮಾಮಾ, ಮುಂದಿನ ತಿಂಗಳು ಕೂಸಿನ್ನ ಕರ್ಕೊಂಡು ಮೆಟ್ರಿಗೆ ಹೊಂಟೀನಿ. ನೀನೂ ಜೋಡಿ ಬಾ" ಎಂದಳು. ಇಷ್ಟೆಲ್ಲ ಆದಮೇಲೂ ಈ ಹುಡುಗಿಗೆ ನನ್ನ ಮೇಲೆ ಎಷ್ಟು ಪ್ರೀತಿ! ಆ ಉಬ್ಬಿನಲ್ಲಿ, ಕಾರಿಗೆ ಹೊಸ ರೇಡಿಯೇಟರ್ ಹಾಕಿಸಿದ್ದೇನೆಂದು ಹೇಳಲು ಬಾಯಿ ತೆರೆದೆ. ಪಕ್ಕದಲ್ಲಿದ್ದ ಶಾರದಾ ತೆರೆದ ಬಾಯಿಗೆ ಇಡೀ ಹೋಳಿಗೆಯೊಂದನ್ನು ತುರುಕಿದಳು.